ಶನಿವಾರದ ಖಾಲಿ ಪಿರಿಯಡ್ ಮತ್ತು ನಲವತ್ತು ಸೆಕೆಂಡಿನ ಓಟ

ಶನಿವಾರದ ಕೊನೆಯ ಪಿರಿಯಡ್ಡನ್ನು ಲೆಕ್ಕಶಾಸ್ತ್ರದ ಹೆಚ್ಚುವರಿ ತರಗತಿಗೆ ಕೊಡಬೇಕು ಎಂಬ ಮಾತು ಈಗ ಸ್ಟಾಫ್ ರೂಮಿನಿಂದ ಕಾರಿಡಾರಿಗೆ ಬಂದಿದೆ. ಟೈಮ್ ಟೇಬಲ್ಲಿನಲ್ಲಿ ಆ ಪಿರಿಯಡ್ಡಿನ ಹೆಸರು 'ಚಟುವಟಿಕೆ'. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾವು ಮಾಡುವ ಚಟುವಟಿಕೆ ಎಂದರೆ ಬ್ಯಾಗು ತುಂಬಿಕೊಂಡು ಗೇಟಿನ ಕಡೆ ನೋಡುವುದಷ್ಟೇ. ಹಾಗಾಗಿ ಅದನ್ನು ಪಾಠಕ್ಕೆ ತೆಗೆದುಕೊಂಡರೆ ತಪ್ಪೇನು ಎಂದು ಹಲವರು ಕೇಳುತ್ತಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಆ ಪಿರಿಯಡ್ ಖಾಲಿ ಇರುವುದು ನಿಜ, ಆದರೆ ಖಾಲಿ ಇದೆ ಎಂದು ಕಿತ್ತುಕೊಳ್ಳುವ ಮುಂಚೆ ಅದರಲ್ಲಿ ಏನು ಹುಟ್ಟಬಹುದು ಎಂದು ಒಮ್ಮೆ ನೋಡಬೇಕು. ಇದಕ್ಕೆ ನನ್ನ ಹತ್ತಿರ ಇರುವ ಉದಾಹರಣೆ ನಾಯಿಗಳದ್ದು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಲೆಕ್ಕ ಬರುತ್ತದೆ.

ಇಂಗ್ಲೆಂಡಿನಲ್ಲಿ ಕ್ರಫ್ಟ್ಸ್ ಎಂಬ ದೊಡ್ಡ ಶ್ವಾನ ಪ್ರದರ್ಶನವಿದೆ, 1891ರಲ್ಲಿ ಶುರುವಾದದ್ದು. ನಾಯಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಕಿವಿ, ಬಾಲ, ನಡಿಗೆ ನೋಡಿ ಬಹುಮಾನ ಕೊಡುವುದು ಅದರ ಮುಖ್ಯ ಕೆಲಸ. 1978ರಲ್ಲಿ ಅಲ್ಲಿನ ವ್ಯವಸ್ಥಾಪಕರಿಗೆ ಒಂದು ತೊಡಕು ಎದುರಾಯಿತು. ಎರಡು ಮುಖ್ಯ ಕಾರ್ಯಕ್ರಮಗಳ ನಡುವೆ ಸ್ವಲ್ಪ ಹೊತ್ತು ಏನೂ ಇಲ್ಲ, ಜನ ಬೇಸರಪಟ್ಟುಕೊಳ್ಳುತ್ತಾರೆ. ಸಮಿತಿಯಲ್ಲಿದ್ದ ಜಾನ್ ವಾರ್ಲಿ ಎಂಬವರಿಗೆ ಆ ಹೊತ್ತು ತುಂಬಿಸುವ ಕೆಲಸ ಬಿತ್ತು. ಅವರು ಪೀಟರ್ ಮೀನ್‌ವೆಲ್ ಎಂಬ ತರಬೇತುದಾರರನ್ನು ಜೊತೆಗೆ ಸೇರಿಸಿಕೊಂಡು, ಕುದುರೆಗಳ ಜಿಗಿತದ ಸ್ಪರ್ಧೆಯನ್ನೇ ನಾಯಿಯ ಅಳತೆಗೆ ಇಳಿಸಿ ಒಂದು ಆಟ ಕಟ್ಟಿದರು. ಜನರಿಗೆ ಅದು ಎಷ್ಟು ಹಿಡಿಸಿತೆಂದರೆ ಎರಡೇ ವರ್ಷದಲ್ಲಿ, 1980ರಲ್ಲಿ, ಅಲ್ಲಿನ ಕೆನಲ್ ಕ್ಲಬ್ ಅದಕ್ಕೆ ನಿಯಮ ಬರೆದು ಮಾನ್ಯತೆ ಕೊಟ್ಟಿತು. ಇವತ್ತು ಹಲವು ದೇಶಗಳಲ್ಲಿ ಆಡುವ ಅಜಿಲಿಟಿ ಎಂಬ ಆಟ ಹುಟ್ಟಿದ್ದು ಹೀಗೆ. ಅಂದರೆ ಒಂದು ಖಾಲಿ ಪಿರಿಯಡ್ಡಿನಲ್ಲಿ.

ಆಟ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮೈದಾನದಲ್ಲಿ ಅಡ್ಡಪಟ್ಟಿ ಇಟ್ಟ ಜಿಗಿತಗಳು, ಬಟ್ಟೆಯ ಸುರಂಗ, ಏರಿ ಇಳಿಯುವ ಹಲಗೆ, ಮಕ್ಕಳ ಪಾರ್ಕಿನಲ್ಲಿರುವಂಥ ಸೀಸಾ, ಒಂದರ ಪಕ್ಕ ಒಂದು ನೆಟ್ಟ 12 ಕೋಲುಗಳು. ಆ ಕೋಲುಗಳ ನಡುವೆ ನಾಯಿ ಹಾವಿನಂತೆ ಬಳುಕಿ ಹೋಗಬೇಕು, ಮೊದಲ ಕೋಲು ಅದರ ಎಡ ಹೆಗಲಿಗೇ ಇರಬೇಕು. ಯಾವುದರ ನಂತರ ಯಾವುದು ಎಂಬ ಕ್ರಮ ಪ್ರತಿ ಸಲ ಬೇರೆ. ಅದು ನಾಯಿಗೆ ಗೊತ್ತಿರುವುದಿಲ್ಲ. ಓಡಿಸುವವರು ಮೊದಲು ನಾಯಿಯಿಲ್ಲದೆ ಒಬ್ಬರೇ ನಡೆದು ದಾರಿ ಬಾಯಿಪಾಠ ಮಾಡಿಕೊಳ್ಳಬೇಕು. ಆಮೇಲೆ ಹಗ್ಗ ಬಿಚ್ಚಿ, ನಾಯಿಯನ್ನು ಮುಟ್ಟದೆ, ಬರೀ ಕೈಸನ್ನೆ ಮತ್ತು ದನಿಯಿಂದ ಓಡಿಸಬೇಕು. ಪಟ್ಟಿ ಬಿದ್ದರೆ 5 ಅಂಕ ಕಡಿತ. ಹಲಗೆ ಇಳಿಯುವಾಗ ತುದಿಯ ಬಣ್ಣ ಬಳಿದ ಭಾಗಕ್ಕೆ ಕಾಲು ತಾಗಿಸದೆ ಹಾರಿದರೆ ಮತ್ತೆ 5. ಇಡೀ ಓಟ ಹೆಚ್ಚೆಂದರೆ ಮೂವತ್ತು-ನಲವತ್ತು ಸೆಕೆಂಡು.

ಈ ನಲವತ್ತು ಸೆಕೆಂಡಿನ ಹಿಂದೆ ಯಾರಿರುತ್ತಾರೆ ಎಂಬುದು ನನಗೆ ನಾಯಿಗಿಂತ ಹೆಚ್ಚು ಕುತೂಹಲದ ಸಂಗತಿ. ಬಿದ್ದ ಪಟ್ಟಿಯನ್ನು ಎತ್ತಿಡಲು ಇಬ್ಬರು. ಸಮಯ ಹಿಡಿಯಲು ಒಬ್ಬರು. ಬಿಚ್ಚಿದ ಹಗ್ಗವನ್ನು ಓಟ ಮುಗಿಯುವ ಜಾಗಕ್ಕೆ ಒಯ್ದಿಡಲು ಒಬ್ಬರು. ಮುಂದಿನವರನ್ನು ಸಾಲಿನಲ್ಲಿ ತಯಾರಾಗಿ ನಿಲ್ಲಿಸಲು ಒಬ್ಬರು. ತೀರ್ಪುಗಾರರ ಹಿಂದೆ ಹಾಳೆ ಹಿಡಿದು ಅಂಕ ಬರೆಯಲು ಇನ್ನೊಬ್ಬರು. ಇವರಿಗೆ ಸಂಬಳವಿಲ್ಲ. ಹೆಚ್ಚಿನವರು ಅದೇ ದಿನ ತಮ್ಮ ನಾಯಿಯನ್ನೂ ಓಡಿಸಲು ಬಂದವರು. ತಮ್ಮ ಸರದಿ ಮುಗಿದ ಮೇಲೆ, ಅಥವಾ ಬರುವ ಮುಂಚೆ, ಬೇರೆಯವರ ಓಟಕ್ಕೆ ಕೆಲಸ ಮಾಡುತ್ತಾರೆ. ಹಾಗೆ ಮಾಡದಿದ್ದರೆ ಸ್ಪರ್ಧೆಯೇ ನಡೆಯುವುದಿಲ್ಲ. ನಲವತ್ತು ಸೆಕೆಂಡು ಆಡುವುದಕ್ಕೆ ಅರ್ಧ ದಿನ ದುಡಿಯುವುದು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವವನ್ನು ನೆನಪಿಸಿಕೊಳ್ಳಿ. ಹಾಡಲು ಮೂವತ್ತು ಹೆಸರು, ಕುರ್ಚಿ ಎತ್ತಲು ಇಬ್ಬರು ಅಟೆಂಡರ್ ಅಣ್ಣಂದಿರು.

ಇದೆಲ್ಲ ಯೂಟ್ಯೂಬ್ ನೋಡಿ ಬರೆದದ್ದೇ ಎಂದು ಕೇಳಿದರೆ, ಅರ್ಧ ಹೌದು. ಇನ್ನರ್ಧ ನಮ್ಮ ಓಣಿಯದು. ಪೊಲೀಸ್ ಶ್ವಾನದಳದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ನಮ್ಮ ಹಿಂದಿನ ರಸ್ತೆಯಲ್ಲಿದ್ದಾರೆ. ನಾವೆಲ್ಲ ದಳದ ಕಾಕಾ ಎನ್ನುತ್ತೇವೆ. ಅವರ ಹತ್ತಿರ ಒಂದು ಮುಧೋಳ ನಾಯಿ, ಬೀದಿಯಿಂದ ತಂದು ಸಾಕಿದ ಒಂದು ಕರಿಯ ನಾಯಿ. ಭಾನುವಾರ ಬೆಳಿಗ್ಗೆ ಕಾಲೊನಿಯ ಬಯಲಿನಲ್ಲಿ ಅವರು, ಇನ್ನೂ ನಾಲ್ಕೈದು ಮನೆಯವರು, ಅವರವರ ನಾಯಿಗಳು, ಜೊತೆಗೆ ನಾವು ಮೂವರು ಹುಡುಗಿಯರು ಸೇರುತ್ತೇವೆ. ಸಾಮಾನು ಎಲ್ಲಿಂದ ಎಂದರೆ ನಮ್ಮ ಅಬ್ಬಾ ಅವರ ಹಾರ್ಡ್‌ವೇರ್ ಅಂಗಡಿಯಿಂದ. ನಲ್ಲಿ ಕೆಲಸಕ್ಕೆ ಕತ್ತರಿಸಿ ಉಳಿದ ಪಿವಿಸಿ ಪೈಪಿನ ತುಂಡು, ನಾಲ್ಕು ಎಲ್ಬೋ, ಎರಡು ಟೀ, ಒಂದು ಜಿಗಿತ ತಯಾರು. ಹಳೆಯ ತಾಡಪತ್ರಿಯನ್ನು ತಂತಿಯ ಬಳೆಗಳಿಗೆ ಹೊಲಿದರೆ ಸುರಂಗ. ಮುಧೋಳ ನಾಯಿ ಬಾಣದಂತೆ ಓಡುತ್ತದೆ, ಆದರೆ ಬೇಲಿಯಾಚೆ ಕೋಳಿ ಕಂಡರೆ ಜಿಗಿತವೂ ಇಲ್ಲ, ಕಾಕಾ ಅವರೂ ಇಲ್ಲ, ಮುಗಿಯಿತು. ಓಟಕ್ಕೇ ಹುಟ್ಟಿದ ಈ ನಾಯಿಗಿಂತ ಬೀದಿಯಿಂದ ಬಂದ ಕರಿಯನೇ ಈ ಆಟದಲ್ಲಿ ಚುರುಕು. ಸೀಸಾ ಹತ್ತುವ ಮುಂಚೆ ಒಮ್ಮೆ ನಿಂತು ಯೋಚಿಸುವ ಅವನ ಮುಖ ನೋಡಬೇಕು.

ನನಗೆ ಅಲ್ಲಿ ಸಿಕ್ಕ ಕೆಲಸ ಬರೆಯುವುದು. ತೀರ್ಪುಗಾರರು ನಾಯಿಯಿಂದ ಕಣ್ಣು ತೆಗೆಯುವ ಹಾಗಿಲ್ಲ, ಹಾಗಾಗಿ ಪ್ರತಿ ತಪ್ಪಿಗೂ ಕೈ ಎತ್ತಿ ಸನ್ನೆ ಮಾಡುತ್ತಾರೆ. ಬರೆಯುವವರು ಆ ಕೈಯನ್ನು ನೋಡಿ ಗುರುತು ಹಾಕಬೇಕು. ನಾಯಿಯನ್ನು ನೋಡಿದರೆ ನಮ್ಮ ಮನಸ್ಸು ತಾನೇ ತೀರ್ಪು ಕೊಡಲು ಶುರು ಮಾಡುತ್ತದೆ, ನಮ್ಮ ಮೆಚ್ಚಿನ ನಾಯಿಯ ಪಟ್ಟಿ ಬಿದ್ದದ್ದು ಕಾಣುವುದೇ ಇಲ್ಲ. ಮೊದಲ ದಿನವೇ ಕಾಕಾ ಹೇಳಿದ್ದು ಇಷ್ಟು: "ನಾಯಿ ನೋಡಬ್ಯಾಡ ಮಗಳ, ನನ್ನ ಕೈ ನೋಡು." ವೌಚರ್ ಇಲ್ಲದೆ ಎಂಟ್ರಿ ಹಾಕಬಾರದು ಎಂದು ತರಗತಿಯಲ್ಲಿ ಕೇಳಿದ ಪಾಠ ನನಗೆ ಸರಿಯಾಗಿ ಹತ್ತಿದ್ದು ಆ ಬಯಲಿನಲ್ಲಿ. ಲೆಕ್ಕಶಾಸ್ತ್ರಕ್ಕೆ ಹೆಚ್ಚುವರಿ ತರಗತಿ ಬೇಕು ಎನ್ನುವವರು ಇದನ್ನೂ ಗಮನಿಸಲಿ.

ಸೆಪ್ಟೆಂಬರ್ ಕೊನೆಯ ವಾರ ನಮ್ಮ ಗುಂಪಿಗೆ ಉಸಿರಾಡಲು ಬಿಡುವಿರಲಿಲ್ಲ. 24ಕ್ಕೆ ಎನ್‌ಎಸ್‌ಎಸ್ ದಿನ, 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದ ದಿನ. 28ಕ್ಕೆ ವಿಶ್ವ ರೇಬೀಸ್ ದಿನ, ರೇಬೀಸಿಗೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ. ನಡುವಿನ ದಿನಗಳಲ್ಲಿ ಪಶು ವೈದ್ಯರ ತಂಡ ನಮ್ಮ ಭಾಗದ ಓಣಿಗಳಿಗೆ ಲಸಿಕೆ ಹಾಕಲು ಬಂತು. ನಾಯಿ ಹಿಡಿಯುವುದು, ಸೂಜಿ ಚುಚ್ಚುವುದು ನಮ್ಮ ಕೆಲಸವಲ್ಲ. ಅದನ್ನು ತರಬೇತಿ ಪಡೆದವರು, ಮುಂಚಿತವಾಗಿ ತಾವೂ ಲಸಿಕೆ ಹಾಕಿಸಿಕೊಂಡವರು ಮಾತ್ರ ಮಾಡುತ್ತಾರೆ. ನಮ್ಮದು ಮತ್ತೆ ಬರೆಯುವುದೇ. ಯಾವ ಗಲ್ಲಿ, ಗಂಡೋ ಹೆಣ್ಣೋ, ಬಣ್ಣವೇನು, ಕಿವಿಯ ತುದಿ ಕತ್ತರಿಸಿದೆಯೇ. ಕಿವಿಯಲ್ಲಿ ಗುರುತು ಇದ್ದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ಅರ್ಥ. ಚುಚ್ಚಿದ ಮೇಲೆ ಬೆನ್ನಿಗೆ ಬಣ್ಣ ಹಚ್ಚುತ್ತಾರೆ, ಎರಡನೇ ಸಲ ಅದನ್ನೇ ಹಿಡಿಯಬಾರದು ಎಂದು. ಬೆಳಿಗ್ಗೆ ಆರಕ್ಕೆ ಶುರುವಾದರೆ ಎಂಟೂವರೆಗೆ ಮುಗಿಯುತ್ತಿತ್ತು, ಒಂಬತ್ತೂವರೆಗೆ ಕಾಲೇಜು, ಸಂಜೆ ಟ್ಯೂಷನ್. ಶುಕ್ರವಾರ ನನ್ನ ನೋಟ್ಸಿನಲ್ಲಿ ಷೇರು ಮುಟ್ಟುಗೋಲಿನ ಲೆಕ್ಕದ ಪಕ್ಕದಲ್ಲೇ 'ಕಂದು, ಹೆಣ್ಣು, ಬೇಕರಿ ಎದುರು' ಎಂದು ಬರೆದದ್ದಿದೆ.

ಈ ಕೆಲಸಕ್ಕೆ ಇಷ್ಟು ಜನ ಏಕೆ ಬೇಕು ಎಂಬುದರಲ್ಲೇ ವಿಷಯವಿದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಒಂದು ಊರಿನ ನಾಯಿಗಳಲ್ಲಿ 70 ಶೇಕಡಾಕ್ಕೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 70 ಆಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಯಾರಾದರೂ ಎಣಿಸಬೇಕಲ್ಲ. ನಮ್ಮ ಪಕ್ಕದ ಗೋವಾ ರಾಜ್ಯದಲ್ಲಿ ಹೀಗೆ ಓಣಿ ಓಣಿ ತಿರುಗಿ, ಮೊಬೈಲಿನಲ್ಲಿ ಪ್ರತಿ ನಾಯಿಯ ಲೆಕ್ಕ ಹಾಕಿ, ವರ್ಷಗಟ್ಟಲೆ ಲಸಿಕೆ ಹಾಕಿದರು. 2021ರಲ್ಲಿ ಅದು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ನಮ್ಮ ಓಣಿಯಲ್ಲಿ ಇನ್ನೂ ನಾಯಿ ಕಚ್ಚಿದ ಜಾಗಕ್ಕೆ ಖಾರದ ಪುಡಿ, ಸುಣ್ಣ ಹಚ್ಚುವವರಿದ್ದಾರೆ. ದಯವಿಟ್ಟು ಮನೆಯಲ್ಲಿ ಹೇಳಿ: ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ಎಲ್ಲ ಡೋಸುಗಳನ್ನೂ ಮುಗಿಸಬೇಕು. ಆ ವಾರ ನಾವು ಈ ಒಂದು ಮಾತನ್ನು ಕನ್ನಡ, ಉರ್ದು ಎರಡರಲ್ಲೂ ಬಾಯಿ ನೋಯುವಷ್ಟು ಹೇಳಿದ್ದೇವೆ.

ಈಗ ನಮ್ಮ ಮನೆಯ ಮಾತು, ಏಕೆಂದರೆ ಇದನ್ನು ಓದುವ ಅರ್ಧ ಜನರ ಮನಸ್ಸಿನಲ್ಲಿ ಇರುವ ಪ್ರಶ್ನೆ ಅದೇ. ಮುಸಲ್ಮಾನರ ಮನೆ ಹುಡುಗಿಗೆ ನಾಯಿಯ ಸಹವಾಸ ಯಾಕೆ? ನಮ್ಮ ನಾನಿ ಮೊದಲು ಕೇಳಿದ್ದೂ ಇದನ್ನೇ. ನಾನು ವಾದ ಮಾಡಲು ಹೋಗಲಿಲ್ಲ, ದೀನಿಯಾತ್ ಕಲಿಸುವ ಉಸ್ತಾದರನ್ನು ಕೇಳಿದೆ. ಅವರು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಬೇಟೆ, ಕಾವಲು, ಕುರಿಮಂದೆ, ಹೊಲ ಇವುಗಳಿಗಾಗಿ ನಾಯಿ ಸಾಕಲು ಅನುಮತಿ ಇದೆ. ತರಬೇತಿ ಪಡೆದ ಬೇಟೆ ನಾಯಿ ಹಿಡಿದು ತಂದದ್ದರ ಬಗ್ಗೆ ಕುರ್‌ಆನಿನ ಸೂರಾ ಮಾಇದಾದಲ್ಲಿಯೇ ಮಾತಿದೆ. ಗುಹೆಯಲ್ಲಿ ಮಲಗಿದ ಅಸ್ಹಾಬೆ ಕಹಫ್ ಅವರ ಬಾಗಿಲಲ್ಲಿ ಮುಂಗಾಲು ಚಾಚಿ ಕೂತ ನಾಯಿಯ ಪ್ರಸ್ತಾಪವೂ ಅದೇ ಗ್ರಂಥದಲ್ಲಿದೆ. ನಾಯಿಯ ಜೊಲ್ಲು, ಮೈ ಇವು ಅಶುದ್ಧವೇ ಎಂಬುದರಲ್ಲಿ ಮಜ್ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಮ್ಮ ಹನಫಿಗಳಲ್ಲಿ ಜೊಲ್ಲು ಅಶುದ್ಧ, ಒಣ ಮೈ ತಾಗಿದರೆ ಅಲ್ಲ. ಶಾಫಿಈಗಳಲ್ಲಿ ಇನ್ನೂ ಕಟ್ಟುನಿಟ್ಟು, ಮಾಲಿಕಿಗಳಲ್ಲಿ ಸಡಿಲ. ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟ ಹದೀಸ್ ನಾವೆಲ್ಲ ಮದರಸಾದಲ್ಲಿ ಕೇಳಿದ್ದೇ. ಕೇಳಿ ಹೊರಗೆ ಬಂದು ನಾಯಿಗೆ ಕಲ್ಲು ಹೊಡೆದದ್ದನ್ನೂ ನೋಡಿದ್ದೇವೆ.

ನಮ್ಮ ಮನೆಯೊಳಗೆ ನಾಯಿ ಬರುವುದಿಲ್ಲ. ಬಯಲಿಗೆ ಹೋಗುವ ಬಟ್ಟೆ ಬೇರೆ, ಬಂದ ಕೂಡಲೇ ಕೈಕಾಲು ತೊಳೆದು ಬಟ್ಟೆ ಬದಲಿಸಿಯೇ ನಮಾಜು. ಈ ಒಪ್ಪಂದಕ್ಕೆ ಅಮ್ಮಿ ಸುಮ್ಮನಾದರು. ನಾನಿಯ ಕಥೆ ಮಾತ್ರ ಬೇರೆಯೇ ಆಯಿತು. ಲಸಿಕೆಯ ಎರಡನೇ ದಿನ ನನ್ನ ಪಟ್ಟಿ ನೋಡಿ, "ಮಟನ್ ಅಂಗಡಿ ಹಿಂದೆ ಬಿಳಿ ಹೆಣ್ಣು ನಾಯಿ ಮರಿ ಹಾಕಿದೆಯಲ್ಲ, ಅದನ್ನು ಯಾಕೆ ಬರೆದಿಲ್ಲ?" ಎಂದರು. ಇಡೀ ದಿನ ಮಾಳಿಗೆಯ ಮೇಲೆ ತಸ್ಬೀಹ್ ಹಿಡಿದು ಕೂರುವ ಅವರಿಗೆ ಮೊಹಲ್ಲಾದ ಪ್ರತಿ ನಾಯಿಯ ವಂಶಾವಳಿ ಗೊತ್ತು. ಯಾವುದು ಹಗಲು ಎಲ್ಲಿ ಮಲಗುತ್ತದೆ, ಯಾವುದು ಮಗುವಿಗೆ ಬೊಗಳುತ್ತದೆ, ಎಲ್ಲ. ಮೂರನೇ ದಿನ ತಂಡದವರು ನೇರವಾಗಿ ನಮ್ಮ ಮಾಳಿಗೆಯ ಕೆಳಗೆ ಬಂದು ನಿಂತು "ಅಜ್ಜಿ, ಇವತ್ತು ಎಲ್ಲಿ?" ಎಂದು ಕೇಳುವ ಹಾಗಾಯಿತು. ಸಮಾಜಸೇವೆ ಎಂದರೆ ಟೀ ಶರ್ಟು ಹಾಕಿಕೊಂಡು ಫೋಟೋಕ್ಕೆ ನಿಲ್ಲುವುದು ಎಂದುಕೊಂಡವರು ನಮ್ಮ ನಾನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಲೆಕ್ಕ ಎಂದೆನಲ್ಲ, ಕಾಮರ್ಸ್ ಓದುವವರ ಹತ್ತಿರ ಬರುತ್ತೇನೆ. "ಇಸ್ಸೆ ಕ್ಯಾ ಫಾಯ್ದಾ?" ಇದರಿಂದ ಏನು ಲಾಭ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕೇಳುವವರನ್ನು ನಾನು ದೂರುವುದಿಲ್ಲ. ಅಂಗಡಿ ನಡೆಸುವವರು, ಗ್ಯಾರೇಜಿನಲ್ಲಿ ದುಡಿಯುವವರು, ಸೌದಿಯಿಂದ ಹಣ ಕಳಿಸುವವರು ಮಕ್ಕಳ ಸಮಯವನ್ನು ಹಣದಂತೆ ನೋಡುವುದು ಸಹಜ. ಒಂದನ್ನು ಆರಿಸಿಕೊಂಡರೆ ಕೈಬಿಟ್ಟ ಇನ್ನೊಂದರ ಬೆಲೆಯನ್ನೂ ನೋಡಬೇಕು ಎಂದು ಅರ್ಥಶಾಸ್ತ್ರದ ಅವಕಾಶ ವೆಚ್ಚದ ಪಾಠವೂ ಹೇಳುತ್ತದೆ. ಆದರೆ ಅದೇ ಅರ್ಥಶಾಸ್ತ್ರದಲ್ಲಿ ರಾಷ್ಟ್ರೀಯ ವರಮಾನದ ಲೆಕ್ಕ ಮಾಡುವಾಗ ಅಮ್ಮಂದಿರು ಮನೆಯಲ್ಲಿ ಮಾಡುವ ಕೆಲಸ ಸೇರುವುದಿಲ್ಲ ಎಂದೂ ಓದುತ್ತೇವೆ. ಸೇರದಿರುವುದು ಆ ಕೆಲಸಕ್ಕೆ ಬೆಲೆಯಿಲ್ಲದ್ದಕ್ಕಲ್ಲ, ಅಳೆಯುವ ಕೋಲು ನಮ್ಮ ಹತ್ತಿರ ಇಲ್ಲದ್ದಕ್ಕೆ. ಲೆಕ್ಕಶಾಸ್ತ್ರದ ಮನಿ ಮೆಷರ್‌ಮೆಂಟ್ ಕಾನ್ಸೆಪ್ಟ್ ಕೂಡ ಇದನ್ನೇ ಹೇಳುತ್ತದೆ: ಹಣದಲ್ಲಿ ಹೇಳಲು ಬಾರದ್ದು ಪುಸ್ತಕಕ್ಕೆ ಬರುವುದಿಲ್ಲ. ಪುಸ್ತಕಕ್ಕೆ ಬರದಿದ್ದರೂ ಅದು ಇರುತ್ತದೆ. ಆರು ದಿನ, ದಿನಕ್ಕೆ ಎರಡೂವರೆ ತಾಸು, ಒಟ್ಟು 15 ತಾಸು ನನ್ನ ಓದಿನಿಂದ ಹೋಯಿತು ಎಂದು ಮನೆಯಲ್ಲಿ ಲೆಕ್ಕ ಹಾಕಿದರು. ಅವರ ಲೆಕ್ಕ ಸರಿಯಾಗಿಯೇ ಇದೆ. ಅದರ ಇನ್ನೊಂದು ಬದಿಯಲ್ಲಿ ಏನು ಬರೆಯಬೇಕು ಎಂಬುದಷ್ಟೇ ನಮ್ಮ ನಡುವಿನ ಚರ್ಚೆ.

ಹಾಗಂತ ನಾಯಿಯ ಆಟವೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಹಣ ಎಲ್ಲಿ ಸೇರುತ್ತದೆ ಎಂಬುದರ ಮೇಲೆ ಆಟದ ಗುಣ ಬದಲಾಗುತ್ತದೆ. ಗ್ರೇಹೌಂಡ್ ನಾಯಿಗಳ ಓಟದ ಮೇಲೆ ಬಾಜಿ ಕಟ್ಟುವ ವ್ಯಾಪಾರ ಹಲವು ದೇಶಗಳಲ್ಲಿ ನಡೆಯಿತು. ಅಲ್ಲಿ ನಾಯಿ ಎಂದರೆ ಸ್ಟಾಕು. ಓಡುವ ತನಕ ಆಸ್ತಿ, ಕಾಲು ಮುರಿದರೆ ನಷ್ಟ. ಗಾಯಗೊಳ್ಳುವ ನಾಯಿಗಳು ಹೆಚ್ಚೆಂದು ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರಿನಲ್ಲಿ ಆ ಓಟವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲೂ ನಾಯಿ ಓಟ ಇಡುತ್ತಾರೆ, ನೋಡಲು ಚೆಂದವೇ. ಆದರೆ ಬಾಜಿ ಸೇರಿದರೆ ನಾವೂ ಅದೇ ದಾರಿಗೆ ಬೀಳುತ್ತೇವೆ. ಅಜಿಲಿಟಿಯಲ್ಲಿ ಗೆದ್ದವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಬಣ್ಣದ ರಿಬ್ಬನ್ನಿನ ಹೂವು. ಆಟ ಉಳಿದದ್ದು ಅದರಿಂದಲೇ ಇರಬೇಕು ಎಂದು ನನಗೆ ಗುಮಾನಿ.

ಮುಧೋಳದ ಮಾತು ಬಂದಾಗ ನಮಗೆಲ್ಲ ಎದೆಯುಬ್ಬುತ್ತದೆ. ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಅಲ್ಲಿನ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೊತೆ ಮರಿಗಳನ್ನು ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದದ್ದು, ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು, ಸೇನೆಯವರು ಮರಿಗಳನ್ನು ಒಯ್ದು ತರಬೇತಿ ಕೊಟ್ಟು ನೋಡಿದ್ದು, ಇವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಂದಿವೆ. ಕ್ವಿಜ್ಜಿನಲ್ಲಿ ಉತ್ತರಿಸುತ್ತೇವೆ. ಆದರೆ ಈ ತಳಿಯನ್ನು ರಾಜರಿಗಿಂತ ಮುಂಚೆಯೂ ನಂತರವೂ ಉಳಿಸಿಕೊಂಡು ಬಂದವರು ಹಳ್ಳಿಯ ಜನ, ಬೆಳಿಗ್ಗೆ ಎದ್ದು ಅದಕ್ಕೆ ಗೋವಿನಜೋಳದ ನುಚ್ಚು, ಹಾಲು ಹಾಕಿ ಹೊಲದುದ್ದ ಓಡಿಸಿದವರು. ಅವರು ಅದನ್ನು ಹವ್ಯಾಸ ಎಂದು ಕರೆಯಲಿಲ್ಲ. ಯಾರೂ ಅವರಿಗೆ ಪ್ರಮಾಣಪತ್ರವನ್ನೂ ಕೊಡಲಿಲ್ಲ.

ಪ್ರಮಾಣಪತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ತಾಸಿನಂತೆ ಎರಡು ವರ್ಷದಲ್ಲಿ 240 ತಾಸು ಕೆಲಸ ಮಾಡಬೇಕು ಎಂಬ ನಿಯಮವಿದೆ. ನಿಯಮ ಒಳ್ಳೆಯದು. ಆದರೆ ನಮ್ಮಲ್ಲಿ ಹಲವರಿಗೆ ಕಣ್ಣಿರುವುದು ಕೊನೆಯಲ್ಲಿ ಸಿಗುವ ಕಾಗದದ ಮೇಲೆ. ಪೊರಕೆ ಹಿಡಿದು ಫೋಟೋ, ಸಸಿ ಹಿಡಿದು ಫೋಟೋ, ಆಮೇಲೆ ಸಸಿ ಎಲ್ಲಿ ಎಂದು ಕೇಳಿದರೆ ಮುಖ ಮುಖ ನೋಡುತ್ತೇವೆ. ಲಸಿಕೆ ವಾರದಲ್ಲಿ ಮೊದಲ ದಿನ ನಮ್ಮ ಕಾಲೇಜಿನಿಂದ ಹನ್ನೊಂದು ಜನ ಬಂದಿದ್ದರು. ಸರ್ಟಿಫಿಕೇಟ್ ಇಲ್ಲ ಎಂದು ಗೊತ್ತಾದ ಮೇಲೆ ಎರಡನೇ ದಿನ ಆರು. ಕೊನೆಯ ದಿನ ನಾಲ್ವರು, ಅದರಲ್ಲಿ ಒಬ್ಬಳು ಶಾಲೆಗೆ ಹೋಗುವ ನನ್ನ ತಂಗಿ. ಬಾರದವರ ಮೇಲೆ ನನಗೆ ಸಿಟ್ಟಿಲ್ಲ. ನಮಗೆ ಯಾರೂ ಬೇರೆ ರೀತಿ ಕಲಿಸಿಲ್ಲ.

ಹಾಗಾಗಿ ನನ್ನ ಕೋರಿಕೆ ಇದು. ಶನಿವಾರದ ಪಿರಿಯಡ್ ಇರಲಿ, ಆದರೆ ಈಗಿನಂತೆ ಖಾಲಿ ಇರುವುದು ಬೇಡ. ಯಾರಿಗೆ ಯಾವುದು ಇಷ್ಟವೋ ಅದರ ಗುಂಪು ಕಟ್ಟಲಿ. ಖುಷ್‌ಖತ್ ಬರೆಯುವವರು ನಮ್ಮಲ್ಲಿದ್ದಾರೆ, ಕೇರಂ ಆಡುವವರಿದ್ದಾರೆ, ಸೈಕಲ್ ರಿಪೇರಿ ಮಾಡುವ ಹುಡುಗರಿದ್ದಾರೆ, ಗಾಳಿಪಟ ಕಟ್ಟುವವರಿದ್ದಾರೆ, ಲೈಬ್ರರಿಯ ಹರಿದ ಪುಸ್ತಕಕ್ಕೆ ಬೈಂಡು ಹಾಕಬಲ್ಲ ಗೆಳತಿಯೊಬ್ಬಳಿದ್ದಾಳೆ, ಅವಳ ಅಪ್ಪನ ಕೆಲಸವೇ ಅದು. ಎಲ್ಲ ಗುಂಪಿಗೂ ನಾಯಿ ಆಟದವರ ನಿಯಮ ಒಂದೇ ಇರಲಿ: ಎಷ್ಟು ಹೊತ್ತು ಆಡುತ್ತೀರೋ ಅಷ್ಟು ಹೊತ್ತು ಬೇರೆಯವರ ಆಟಕ್ಕೆ ಕೆಲಸ ಮಾಡಬೇಕು. ಕೇರಂ ಆಡಿದವರು ಪೌಡರ್ ಒರೆಸಿ ಅಂಕ ಬರೆಯಬೇಕು. ಚೆನ್ನಾಗಿ ಬರೆಯುವವರು ನೋಟಿಸ್ ಬೋರ್ಡು ನೋಡಿಕೊಳ್ಳಬೇಕು. ಸ್ಟೇಜ್ ಮೇಲೆ ಹಾಡುವವರು ಕುರ್ಚಿ ಎತ್ತಬೇಕು. ಪ್ರಮಾಣಪತ್ರ ಬೇಡ. ಒಂದು ರಿಜಿಸ್ಟರ್ ಸಾಕು, ಯಾರು ಯಾವ ಕೆಲಸ ಮಾಡಿದರು ಎಂದು ಬರೆಯಲು, ಆ ಕೆಲಸವನ್ನು ಬೇಕಾದರೆ ನಾನು ಮಾಡುತ್ತೇನೆ.

"ಚೆನ್ನಾಗಿ ಬಾರದವರು ಏನು ಮಾಡಬೇಕು?" ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಅವಳಿಗೆ ಫ್ಲೈಬಾಲ್ ಎಂಬ ಇನ್ನೊಂದು ನಾಯಿ ಆಟದ ಬಗ್ಗೆ ಹೇಳಿದೆ. ನಾಲ್ಕು ನಾಯಿಗಳ ರಿಲೇ ಅದು. ಒಂದೊಂದೂ ನಾಲ್ಕು ಪಟ್ಟಿ ಜಿಗಿದು, ಪೆಟ್ಟಿಗೆಯ ಸ್ಪ್ರಿಂಗ್ ಒತ್ತಿ, ಹಾರಿ ಬಂದ ಚೆಂಡು ಕಚ್ಚಿ ವಾಪಸ್ ಬರಬೇಕು. ಆ ಪಟ್ಟಿಗಳ ಎತ್ತರವನ್ನು ನಿರ್ಧರಿಸುವುದು ತಂಡದ ಅತಿ ಗಿಡ್ಡ ನಾಯಿಯ ಅಳತೆಯಿಂದ. ಹಾಗಾಗಿ ಎತ್ತರದ ವೇಗದ ನಾಯಿಗಳಿರುವ ತಂಡದವರೇ ಒಂದು ಗಿಡ್ಡ ನಾಯಿಯನ್ನು ಹುಡುಕಿಕೊಂಡು ಹೋಗಿ ಸೇರಿಸಿಕೊಳ್ಳುತ್ತಾರೆ. ಅದು ಇದ್ದರೆ ಎಲ್ಲರಿಗೂ ಜಿಗಿತ ಸುಲಭ. ನಮ್ಮ ಗುಂಪು ಚರ್ಚೆಗಳಲ್ಲಿ, ಪ್ರಾಜೆಕ್ಟುಗಳಲ್ಲಿ ಟಾಪರ್‌ಗಳು ಟಾಪರ್‌ಗಳನ್ನೇ ಆರಿಸಿಕೊಳ್ಳುವುದನ್ನು ನೋಡುವಾಗ ನನಗೆ ಆ ಗಿಡ್ಡ ನಾಯಿ ನೆನಪಾಗುತ್ತದೆ.

ಪರೀಕ್ಷೆಯ ಭಯ ನನಗೂ ಇದೆ. ಸಿಎ ಫೌಂಡೇಶನ್ ಬರೆಯಬೇಕೆಂದು ಇರುವವಳು ನಾನು, ಅಂಕ ಬೇಡ ಎಂದು ಹೇಳುವಷ್ಟು ಸಿರಿವಂತರು ನಾವಲ್ಲ. ಹೆಚ್ಚುವರಿ ತರಗತಿ ಬೇಕೇ ಬೇಕು ಎಂದಾದರೆ ಬುಧವಾರ ಅಥವಾ ಗುರುವಾರ ಕಾಲೇಜು ಬಿಟ್ಟ ಮೇಲೆ ಮುಕ್ಕಾಲು ತಾಸು ಇಡಿ. ನಾವು ಬರುತ್ತೇವೆ, ನಾನು ಹತ್ತು ಜನರ ಹೆಸರು ಈಗಲೇ ಕೊಡಬಲ್ಲೆ. ಹುಡುಗಿಯರಿಗೆ ಶನಿವಾರದ ಪಿರಿಯಡ್ ಏಕೆ ಮುಖ್ಯ ಎಂಬುದನ್ನೂ ಸರ್ ಮೇಡಮ್‌ಗಳು ಯೋಚಿಸಬೇಕು. ಕಾಲೇಜಿನ ಗೇಟಿನೊಳಗೆ, ಮೇಡಮ್ ಒಬ್ಬರ ಎದುರಿಗೆ ನಡೆಯುವ ಹವ್ಯಾಸಕ್ಕೆ ಮನೆಯಲ್ಲಿ ಬೇಡ ಎನ್ನುವುದಿಲ್ಲ. ಬಯಲಿಗೆ ಬರಲು ಬಿಡದ ಮನೆಗಳು ನನ್ನ ಗೆಳತಿಯರದ್ದೇ ಐದಾರು ಇವೆ. ಹುಡುಗರಿಗೆ ಸಂಜೆ ಇಡೀ ಊರೇ ಮೈದಾನ, ನಮ್ಮಲ್ಲಿ ಹಲವರಿಗೆ ಇರುವುದು ಆ ಒಂದು ಪಿರಿಯಡ್ ಮಾತ್ರ.

ಕ್ಯಾಂಟೀನ್ ಹಿಂದಿನ ಹಳೆಯ ಬ್ಯಾಡ್ಮಿಂಟನ್ ಕೋರ್ಟು ಎರಡು ವರ್ಷದಿಂದ ಹುಲ್ಲು ಬೆಳೆದು ಬಿದ್ದಿದೆ. ಹುಲ್ಲು ಕೀಳಲು ನಾವು ಹದಿನಾಲ್ಕು ಜನ ಹೆಸರು ಬರೆಸಿದ್ದೇವೆ, ನಾಲ್ವರು ಹುಡುಗರು ಸೇರಿ. ಬೇಕಾದದ್ದು ಒಂದು ಚೀಲ ಸುಣ್ಣದ ಪುಡಿ, ಒಂದು ಸ್ಟಾಪ್‌ವಾಚು, ಒಂದು ಉದ್ದ ರಿಜಿಸ್ಟರ್, ಪ್ರಿನ್ಸಿಪಾಲ್ ಸರ್ ಅವರ ಒಂದು ಸಹಿ. ನಾಯಿ ಕಾಲೇಜಿಗೆ ಬರುವುದಿಲ್ಲ, ಯಾರೂ ಹೆದರಬೇಡಿ. ಪಟ್ಟಿ ಜಿಗಿಯುವುದು ನಾವೇ. ಪೈಪಿನ ಬಗ್ಗೆ ಅಬ್ಬಾ ಅವರನ್ನು ಕೇಳಿದ್ದೇನೆ. ಕಾಲೇಜಿಗಾದರೆ ಪೈಪು ಅರ್ಧ ದರಕ್ಕೆ ಕೊಡುತ್ತಾರಂತೆ. ಎಲ್ಬೋ, ಟೀಗೆ ಮಾತ್ರ ಪೂರ್ತಿ ದುಡ್ಡು.